ಒಂದು ಉತಾರ, ಹಲವು ಪ್ರತಿ

(ಬಾನುಲಿ ಭಾಷಣದ ಬರಹರೂಪ)



ಕೆಲವು ದಿನಗಳ ಹಿಂದೆ, ಸಂಜೆಯ ಹೊತ್ತು, ವಿದ್ಯಾಗಿರಿಯ ನಮ್ಮ ಮನೆಗೆ ನೆರೆಯ ಹಿರಿಯರೊಬ್ಬರು ಬಂದರು. ಹೊಲದ ಉತಾರ ತೆಗೆಸಲು ಹೋದವರು ಬರಿಗೈಯಲ್ಲಿ ಮರಳಿದ್ದರು. “ಕಿಟಕಿಗೆ ಒಂದು ಚೀಟಿ ಹಚ್ಚ್ಯಾರ್ರೀ ಸರ. ತಂತ್ರಾಂಶ ಪರಿಷ್ಕರಣ ನಡದೈತಿ, ಎರಡ ದಿನ ಬಿಟ್ಟು ಬರ್ರಿ ಅಂತ ಬರದಾರ. ಹೊಲಾ ನಂದು, ಹೆಸರು ನಂದು. ಅದರಾಗ ಇವರು ಪರಿಷ್ಕರಣ ಮಾಡೂದು ಏನೈತ್ರಿ?” ಎಂದು ಕೇಳಿದರು.

ನಾನು ಕನ್ನಡ ಕಲಿಸಿದವನು. ಗಣಕಯಂತ್ರದ ಒಳಮರ್ಮ ಬಲ್ಲವನಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಒಂದಿಷ್ಟು ಓದಿ ನೋಡಿದಾಗ, ಇದು ನಮಗೆ ತೀರ ಅಪರಿಚಿತವಾದ ಲೋಕವಲ್ಲವೆಂದು ತೋರಿತು. ಹಳೆಯ ಕಾವ್ಯದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಶುದ್ಧಪಾಠವನ್ನು ನಿರ್ಣಯಿಸುವ ಕೆಲಸಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಆ ನಂಟನ್ನೇ ಹಿಡಿದು ಇಂದು ಕೆಲವು ಮಾತು ಹೇಳಬಯಸುತ್ತೇನೆ.

ಮೊದಲು ಉತಾರದ ವಿಚಾರ. ಸರಕಾರದ ಭಾಷೆಯಲ್ಲಿ ಅದರ ಹೆಸರು ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ. ಮೈಸೂರು ಸೀಮೆಯವರು ಅದನ್ನು ಪಹಣಿ ಎನ್ನುತ್ತಾರೆ. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಭಾಗದವರ ಬಾಯಲ್ಲಿ ಅದು ಇಂದಿಗೂ ಉತಾರವೇ. ಅದರಲ್ಲಿ ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆಗಳ ಲೆಕ್ಕ, ಮಣ್ಣಿನ ಬಗೆ, ಒಂಬತ್ತನೆಯ ಅಂಕಣದಲ್ಲಿ ಒಡೆಯನ ಹೆಸರು, ಹನ್ನೊಂದನೆಯದರಲ್ಲಿ ಸಾಲ ಮೊದಲಾದ ಋಣಗಳು, ಮುಂದೆ ಬೆಳೆಯ ವಿವರ ಇರುತ್ತವೆ. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದ ಪ್ರಕಾರ, ಈ ದಫ್ತರದಲ್ಲಿ ಬರೆದದ್ದು ತಪ್ಪೆಂದು ಸಿದ್ಧವಾಗುವವರೆಗೆ ಸರಿಯೆಂದೇ ಭಾವಿಸತಕ್ಕದ್ದು. ಅಂದರೆ ಅಲ್ಲಿ ಹೆಸರಿಲ್ಲದವನು ತಾನು ಇದ್ದೇನೆಂದು ಸಾಧಿಸಿ ತೋರಿಸಬೇಕಾಗುತ್ತದೆ. ಒಂದು ಸಾಲಿನ ಬರಹಕ್ಕೆ ಇಷ್ಟು ಬಲವಿರುವುದು ಅಪರೂಪ.

ಭೂಮಿಯ ಬರಹವನ್ನು ಕಾಪಾಡುವ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ, ಆರನೆಯ ಶತಮಾನದ ಕೊನೆಯ ಭಾಗದಲ್ಲಿ, ಚಾಲುಕ್ಯ ಮಂಗಲೀಶನು ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಬಿಟ್ಟುಕೊಟ್ಟ ಸಂಗತಿಯನ್ನು ಕನ್ನಡದಲ್ಲಿ ಕೆತ್ತಿದ್ದಾರೆ. ಕಲ್ಲಿನ ಬರಹಕ್ಕೆ ಒಂದು ಗುಣವಿದೆ, ಒಂದು ದೋಷವಿದೆ. ಅದನ್ನು ಸುಲಭವಾಗಿ ಅಳಿಸಲಾಗದು. ಆದರೆ ತಿದ್ದಲೂ ಆಗದು. ದತ್ತಿ ಕೊಟ್ಟ ಊರಿಗೆ ಕಲ್ಲು ಸಾಕು. ಮಾರಾಟ, ವಾರಸಾ, ಹಿಸ್ಸೆ, ಸಾಲ ಎಂದು ದಿನದಿನವೂ ಕೈ ಬದಲಾಗುವ ಹೊಲಕ್ಕೆ ತಿದ್ದಬಹುದಾದ ಪುಸ್ತಕವೇ ಬೇಕು. ಕುಲಕರ್ಣಿಗಳು, ಆ ಬಳಿಕ ತಲಾಠಿಗಳು ಇಟ್ಟುಕೊಂಡಿದ್ದ ದಫ್ತರ ಅಂಥದು. ಅದು ಒಬ್ಬರ ಕೈಬರಹ, ಒಬ್ಬರ ಬೀಗದ ಕೈ. ಅವರು ಸಜ್ಜನರಾಗಿದ್ದರೆ ಊರಿಗೆ ಸುಖ. ಇಲ್ಲದಿದ್ದರೆ ಒಂದು ಗೆರೆಯಲ್ಲಿ ಒಂದು ಮನೆತನ ಬೀದಿಗೆ ಬೀಳುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಲೆಂದು ಬಂದದ್ದು ‘ಭೂಮಿ’ ಯೋಜನೆ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಹಿಡುವಳಿದಾರರ ಹೆಸರುಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಂತ್ರಾಂಶವನ್ನು ರಚಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. 2001-02ರ ಸುಮಾರಿಗೆ ತಾಲ್ಲೂಕು ತಾಲ್ಲೂಕಿಗೂ ಕಿಟಕಿ ತೆರೆದು, 15 ರೂಪಾಯಿಗೆ ಅಚ್ಚಾದ ಪಹಣಿ ಸಿಗುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಬರೆಯುವ ಅಧಿಕಾರಿಯ ಗುರುತನ್ನು ಬೆರಳಚ್ಚಿನಿಂದ ಹಿಡಿದಿಡುವ ಏರ್ಪಾಡೂ ಇತ್ತು.

ಆ ಮೊದಲ ವರ್ಷಗಳಲ್ಲಿ ಒಂದೊಂದು ತಾಲ್ಲೂಕಿನ ದಫ್ತರ ಆ ತಾಲ್ಲೂಕಿನ ಕಚೇರಿಯ ಯಂತ್ರದಲ್ಲಿಯೇ ಇತ್ತು. ಹುನಗುಂದದ ಹೊಲ ಹುನಗುಂದದಲ್ಲಿ, ಬಾದಾಮಿಯ ಹೊಲ ಬಾದಾಮಿಯಲ್ಲಿ. ಆಮೇಲೆ ಅವುಗಳ ಪ್ರತಿಗಳು ಬೆಂಗಳೂರಿನ ದತ್ತಾಂಶ ಕೇಂದ್ರವನ್ನು ಸೇರತೊಡಗಿದವು. ಹೀಗೆ ಒಂದೇ ದಫ್ತರ ಹಲವು ಯಂತ್ರಗಳಲ್ಲಿ ಹಂಚಿಕೊಂಡಿದ್ದು, ನೋಡುವವನಿಗೆ ಮಾತ್ರ ಒಂದೇ ಪುಸ್ತಕದಂತೆ ಕಾಣಿಸಿದರೆ ಅದನ್ನು ‘ಹಂಚಿದ ದತ್ತಸಂಚಯ’ ಎನ್ನಬಹುದು. ಬ್ಯಾಂಕು, ರೈಲ್ವೆ, ಮೊಬೈಲಿನಲ್ಲಿ ಹಣ ಕಳಿಸುವ ವ್ಯವಸ್ಥೆ, ಇವೆಲ್ಲ ಈ ಬಗೆಯ ದಫ್ತರಗಳನ್ನು ಅವಲಂಬಿಸಿವೆ.

ಹಂಚುವುದರ ಲಾಭ ಸಾಹಿತ್ಯದ ವಿದ್ಯಾರ್ಥಿಗೆ ಬೇರೆ ಹೇಳಬೇಕಾಗಿಲ್ಲ. ವಚನಗಳ ಓಲೆಗಳು ಮಠ ಮಠಗಳಲ್ಲಿ, ಮನೆ ಮನೆಗಳಲ್ಲಿ ಹರಡಿಕೊಂಡಿದ್ದುದರಿಂದಲೇ ಒಂದು ಕಡೆ ಗೆದ್ದಲು ಹಿಡಿದರೂ ಇನ್ನೊಂದು ಕಡೆ ಉಳಿದವು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಅವುಗಳನ್ನು ಅಲೆದಲೆದು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. ಒಂದೇ ಕಡೆ ಇದ್ದಿದ್ದರೆ ಒಂದೇ ಬೆಂಕಿಗೆ ಎಲ್ಲವೂ ಹೋಗುತ್ತಿತ್ತು. ಆದರೆ ಪ್ರತಿ ಹೆಚ್ಚಿದಂತೆ ಪಾಠಾಂತರವೂ ಹೆಚ್ಚುತ್ತದೆ. ಎರಡು ಪ್ರತಿ ಎರಡು ಮಾತು ಹೇಳಿದಾಗ ಯಾವುದನ್ನು ನಂಬಬೇಕು? ಸಂಪಾದಕನ ಮುಂದೆ ಇದ್ದ ಪ್ರಶ್ನೆಯೇ ಯಂತ್ರಗಳ ಮುಂದೆಯೂ ಇದೆ. ವ್ಯತ್ಯಾಸವಿಷ್ಟೆ: ಸಂಪಾದಕನಿಗೆ ವರ್ಷಗಳ ಬಿಡುವಿತ್ತು, ಯಂತ್ರಕ್ಕೆ ಕ್ಷಣದ ಬಿಡುವಿಲ್ಲ.

ಯಂತ್ರಗಳು ಕಂಡುಕೊಂಡ ಒಂದು ದಾರಿ ಬಹುಮತದ್ದು. ಒಂದು ಬರಹದ ಮೂರು ಪ್ರತಿಗಳಿದ್ದರೆ, ಎರಡಾದರೂ “ಬರೆದುಕೊಂಡೆ” ಎಂದು ಹೇಳುವವರೆಗೆ ಆ ಬರಹ ಸಿದ್ಧವಾಗದು. ಐದಿದ್ದರೆ ಮೂರು ಒಪ್ಪಬೇಕು. ಒಂದು ಯಂತ್ರ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಆದರೆ ತಂತಿ ಕಡಿದು ಒಂದು ಯಂತ್ರ ಒಂಟಿಯಾಯಿತೆನ್ನೋಣ. ಅದರ ಮುಂದೆ ಒಬ್ಬ ರೈತ ಬಂದು ನಿಂತಿದ್ದಾನೆ. ತನ್ನಲ್ಲಿದ್ದ ಹಳೆಯ ಪ್ರತಿಯನ್ನೇ ಕೊಟ್ಟುಬಿಡಬೇಕೆ, ಅಥವಾ “ಇಂದು ಹೇಳಲಾರೆ” ಎಂದು ಕಿಟಕಿ ಮುಚ್ಚಬೇಕೆ? ಸಂಪರ್ಕ ಕಡಿದ ಹೊತ್ತಿನಲ್ಲಿ ಎಲ್ಲ ಪ್ರತಿಗಳ ಏಕರೂಪತೆಯೂ ಎಲ್ಲರಿಗೂ ತಪ್ಪದ ಉತ್ತರವೂ ಎರಡೂ ಒಟ್ಟಿಗೆ ಸಾಧ್ಯವಿಲ್ಲ ಎಂದು ಅಮೆರಿಕದ ಎರಿಕ್ ಬ್ರೂವರ್ 2000ದಲ್ಲಿ ಹೇಳಿದರು. 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಎಂಬಿಬ್ಬರು ಅದನ್ನು ಗಣಿತದಿಂದ ಸಾಧಿಸಿದರು. ಕಿಟಕಿ ಮುಚ್ಚಿದ್ದನ್ನು ಕಂಡಾಗಲೆಲ್ಲ ನಾವು ಸಿಟ್ಟಾಗುತ್ತೇವೆ. ಕೆಲವು ಸಲ ಅದು ಸೋಮಾರಿತನವಲ್ಲ. ಸುಳ್ಳು ಉತಾರ ಕೊಡುವುದಕ್ಕಿಂತ ನಾಳೆ ಬನ್ನಿ ಎನ್ನುವುದು ಲೇಸು.

ಇನ್ನೊಂದು ತೊಡಕು ಕಾಲದ್ದು. ಒಬ್ಬನು ಬೆಳಿಗ್ಗೆ ಹೊಲವನ್ನು ಬ್ಯಾಂಕಿಗೆ ಅಡವಿಟ್ಟು, ಮಧ್ಯಾಹ್ನ ಬೇರೆ ಕಡೆ ಅದನ್ನೇ ಮಾರಿದನೆನ್ನಿ. ಎರಡು ಯಂತ್ರಗಳ ಗಡಿಯಾರ ಹಿಂದುಮುಂದಾಗಿದ್ದರೆ ಮಾರಾಟ ಮೊದಲು, ಅಡವು ಆಮೇಲೆ ಎಂದು ಬರಹವಾಗುತ್ತದೆ; ಆಗ ಕೊಂಡವನ ಗತಿಯೇನು, ಬ್ಯಾಂಕಿನ ಗತಿಯೇನು? ಬರಿಯ ಗಡಿಯಾರವನ್ನು ನಂಬದೆ, ಯಾವ ಸಂಗತಿ ಯಾವುದಕ್ಕೆ ಕಾರಣ ಎಂಬುದರಿಂದ ಮುಂಚೆ-ಆಮೇಲೆಗಳನ್ನು ಗುರುತಿಸುವ ಕ್ರಮವನ್ನು ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು 1978ರಲ್ಲಿ ಬರೆದ ಲೇಖನದಲ್ಲಿ ತೋರಿಸಿದರು. ಶಾಸನದಲ್ಲಿ ತೇದಿ ಅಳಿಸಿದ್ದರೂ ಅದರಲ್ಲಿ ಬಂದ ಹೆಸರುಗಳಿಂದ ಕಾಲವನ್ನು ನಿಷ್ಕರ್ಷಿಸುವ ನಮ್ಮವರ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ.

ಇಷ್ಟೆಲ್ಲ ಜಟಿಲವಾದ ಯಂತ್ರವ್ಯವಸ್ಥೆಯನ್ನು ನಡೆಸುವ ತಂತ್ರಾಂಶ ಒಂದೇ ಸಲಕ್ಕೆ ನಿರ್ದುಷ್ಟವಾಗಿ ಬರುವುದು ಅಸಾಧ್ಯ. ಆದ್ದರಿಂದ ಕಾಲಕಾಲಕ್ಕೆ ಅದರ ಪರಿಷ್ಕೃತ ಆವೃತ್ತಿ ಬರುತ್ತದೆ. ಅಂಥ ಆವೃತ್ತಿಯಲ್ಲಿ ಎರಡು ಬಗೆಯ ಬದಲಾವಣೆಗಳಿರುತ್ತವೆ: ಹೊಸ ಸೌಕರ್ಯಗಳು, ಹಳೆಯ ದೋಷಗಳ ನಿವಾರಣೆ. ದೋಷಕ್ಕೆ ಇಂಗ್ಲಿಷರು ‘ಬಗ್’ ಎಂದರೆ ಹುಳು ಎನ್ನುತ್ತಾರೆ. 1947ರಲ್ಲಿ ಹಾರ್ವರ್ಡಿನ ಒಂದು ಗಣಕಯಂತ್ರದೊಳಗೆ ಸಿಕ್ಕ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರಂತೆ. ಆದರೆ ಮಾತು ಅದಕ್ಕಿಂತ ಹಳೆಯದು. ನಾವು ಪದವನ್ನು ಹುಡುಕಬೇಕಾಗಿಲ್ಲ. ಹುಳು ತಿಂದದ್ದಕ್ಕೆ ಹುಳುಕು ಎನ್ನುತ್ತೇವೆ. ದೋಷಕ್ಕೂ ಹುಳುಕು ಎಂದೇ ಅನ್ನುತ್ತೇವೆ.

ಹುಳುಕು ಹೇಗಿರುತ್ತದೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. 7 ಎಕರೆ 10 ಗುಂಟೆಯ ಹೊಲ ಮೂವರಲ್ಲಿ ಹಂಚಿಕೆಯಾಯಿತು: ಇಬ್ಬರಿಗೆ ತಲಾ 2 ಎಕರೆ 20 ಗುಂಟೆ, ಮೂರನೆಯವನಿಗೆ 2 ಎಕರೆ 10 ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯೆಂದು ಬಲ್ಲ ರೈತನ ಲೆಕ್ಕದಲ್ಲಿ ಮೂರೂ ಕೂಡಿ 7 ಎಕರೆ 10 ಗುಂಟೆ ಸರಿಯಾಗಿ ಬರುತ್ತದೆ. ಆದರೆ ತಂತ್ರಾಂಶ ಬರೆದವನು ನಗರದವನಾಗಿದ್ದು, ಗುಂಟೆಯನ್ನು ಪೈಸೆಯಂತೆ ನೂರಕ್ಕೊಂದೆಂದು ತಿಳಿದರೆ 2.20, 2.20, 2.10 ಕೂಡಿ 6.50 ಎಂದು ಯಂತ್ರ ಹೇಳುತ್ತದೆ. ಮೂಲದೊಡನೆ ತಾಳೆಯಾಗದೆ, ನ್ಯಾಯವಾದ ಹಂಚಿಕೆಯನ್ನೇ ಅದು ತಿರಸ್ಕರಿಸುತ್ತದೆ. ಅಥವಾ ಇನ್ನೂ ಕೆಟ್ಟದ್ದೆಂದರೆ, ತಪ್ಪು ಹಂಚಿಕೆಯನ್ನು ಸರಿಯೆಂದು ಒಪ್ಪಿಕೊಳ್ಳುತ್ತದೆ. ಹೊಸ ಆವೃತ್ತಿಯಲ್ಲಿ ಈ ಲೆಕ್ಕವನ್ನು ಸರಿಪಡಿಸುವುದು ಒಂದು ಸಾಲಿನ ಕೆಲಸ.

ಹೊಸ ಸೌಕರ್ಯಕ್ಕೆ ನಿಜವಾದ ಉದಾಹರಣೆಯೇ ಇದೆ. ಹಿಂದೆ ಹೊಲದ ಖರೀದಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನಡೆದರೆ, ಅದರ ಸಮಾಚಾರ ‘ಜೆ ಸ್ಲಿಪ್’ ಎಂಬ ಚೀಟಿಯ ಮೂಲಕ ತಹಶೀಲ್ದಾರರ ಕಚೇರಿಗೆ ಹೋಗಬೇಕಾಗಿತ್ತು. ಚೀಟಿ ದಾರಿಯಲ್ಲಿ ತಡವಾದರೆ ಖರೀದಿಪತ್ರ ಒಬ್ಬನ ಹೆಸರಿನಲ್ಲಿ, ಉತಾರ ಇನ್ನೊಬ್ಬನ ಹೆಸರಿನಲ್ಲಿ. ಆ ನಡುವೆ ಮಾರಿದವನು ಅದೇ ಹೊಲವನ್ನು ಮತ್ತೊಬ್ಬನಿಗೆ ಮಾರಬಹುದಾಗಿತ್ತು. ನೋಂದಣಿಯ ‘ಕಾವೇರಿ’ ತಂತ್ರಾಂಶವನ್ನೂ ‘ಭೂಮಿ’ಯನ್ನೂ ಜೋಡಿಸಿದ ಮೇಲೆ ಆ ಚೀಟಿ ಯಂತ್ರದಿಂದ ಯಂತ್ರಕ್ಕೇ ಹೋಗುತ್ತದೆ. 2023ರಲ್ಲಿ ‘ಕಾವೇರಿ’ಯ ಎರಡನೆಯ ಆವೃತ್ತಿಯೂ ಬಂದಿತು. ಇಲಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಂದು ಕೊಂಡಿ ತಪ್ಪಿದರೆ ಅಲ್ಲಿ ಬಿರುಕು. ಎರಡು ದಫ್ತರಗಳ ಜೋಡಣೆಯೂ ಅಂಥದೇ: ಎರಡೂ ಕಡೆ ಬರೆಯಬೇಕು, ಇಲ್ಲವೆ ಎರಡೂ ಕಡೆ ಬರೆಯಬಾರದು. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಬಿಟ್ಟರೆ ಅದೇ ಹೊಸ ಹುಳುಕು. ಹೊಸ ಸೌಕರ್ಯ ಬಂದಲ್ಲೆಲ್ಲ ಹೊಸ ಹುಳುಕು ಹೊಕ್ಕುವ ಅವಕಾಶವೂ ಬರುತ್ತದೆ.

ಆವೃತ್ತಿ ಬದಲಿಸುವ ಕ್ರಿಯೆಯೇ ಒಂದು ಅಪಾಯದ ಘಟ್ಟ. ಹಂಚಿದ ದಫ್ತರಗಳಲ್ಲಿ ಎಲ್ಲ ಯಂತ್ರಗಳನ್ನೂ ಒಮ್ಮೆಲೆ ನಿಲ್ಲಿಸದೆ, ಒಂದೊಂದನ್ನೇ ಸರದಿಯಂತೆ ಹೊಸ ಆವೃತ್ತಿಗೆ ಒಯ್ಯುವ ಪದ್ಧತಿಯಿದೆ. ಆ ಹೊತ್ತಿನಲ್ಲಿ ಕೆಲವು ಯಂತ್ರಗಳಿಗೆ ಹಳೆಯ ಬರಹ ಗೊತ್ತು, ಕೆಲವಕ್ಕೆ ಹೊಸದು. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಶಕಟರೇಫೆಯನ್ನು ಮರೆತ ಕಾಲದ ಲಿಪಿಕಾರನು ಎರಡನ್ನೂ ‘ಅರಿ’ ಎಂದು ಬರೆದಾಗ ಎರಡು ಪದಗಳ ಭೇದವೇ ಅಳಿಯಿತು. ಅವನು ಏನನ್ನೂ ಕೆಡಿಸಬೇಕೆಂದು ಬರೆದವನಲ್ಲ. ಹೊಸ ಆವೃತ್ತಿಗೆ ಹಳೆಯ ಅಕ್ಷರದ ಅರಿವಿಲ್ಲದಿದ್ದರೆ ಹೀಗೆಯೇ ಆಗುತ್ತದೆ. ಆದುದರಿಂದ ತಿಳಿದವರು ಬದಲಾವಣೆಗೆ ಮುನ್ನ ಹಳೆಯದರ ಪೂರ್ಣ ಪ್ರತಿಯೊಂದನ್ನು ತೆಗೆದಿಡುತ್ತಾರೆ; ಕೆಟ್ಟರೆ ಹಿಂದಿರುಗಲು ದಾರಿ ಉಳಿಸಿಕೊಳ್ಳುತ್ತಾರೆ. ನಮ್ಮ ನೆರೆಯವರು ಕಂಡ ‘ಎರಡು ದಿನ ಬಿಟ್ಟು ಬನ್ನಿ’ ಎಂಬ ಚೀಟಿಯ ಹಿಂದೆ ಇಂಥ ಕೆಲಸವಿರಬಹುದು.

ಇಲ್ಲಿ ಒಂದು ಮುಖ್ಯವಾದ ಮಾತಿದೆ. ತಂತ್ರಾಂಶದ ಹುಳುಕು ತೆಗೆದರೆ ಇನ್ನು ಮುಂದೆ ಬರೆಯುವ ರೀತಿ ಸರಿಹೋಗುತ್ತದೆ. ಈಗಾಗಲೇ ತಪ್ಪಾಗಿ ಬರೆದದ್ದು ತಾನಾಗಿ ಸರಿಹೋಗುವುದಿಲ್ಲ. ಗುಂಟೆಯ ಲೆಕ್ಕವನ್ನು ಇಂದು ತಿದ್ದಿದರೂ, ಕಳೆದ ಆರು ತಿಂಗಳಲ್ಲಿ ತಪ್ಪು ಲೆಕ್ಕದಿಂದ ಸಿದ್ಧವಾದ ಹಿಸ್ಸೆಗಳು ಹಾಗೆಯೇ ಇರುತ್ತವೆ. ಅವನ್ನು ಯಾರಾದರೂ ಹುಡುಕಿ ತೆಗೆಯಬೇಕು. ಇದನ್ನು ನಾನು ನಮ್ಮ ಮನೆಯ ಸಂಗತಿಯಿಂದಲೇ ಕಲಿತೆ.

ನಮ್ಮ ತಂದೆ ತೀರಿಕೊಂಡ ಮೇಲೆ ಹೊಲಕ್ಕೆ ನಾಲ್ವರ ಹೆಸರಿನಲ್ಲಿ ವಾರಸಾ ಆಗಿತ್ತು: ತಾಯಿ, ಅಕ್ಕ, ನಾನು, ತಮ್ಮ. ಕೈಬರಹದ ಪುಸ್ತಕದಲ್ಲಿ ಜಾಗ ಸಾಲದೆ ಅಕ್ಕನ ಹೆಸರು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬಿದ್ದಿತ್ತು. ಯಂತ್ರಕ್ಕೆ ಏರಿಸುವಾಗ ಆ ಅಂಚು ಬಿಟ್ಟುಹೋಯಿತು. ಏರಿಸಿದ್ದನ್ನು ಅಚ್ಚುಹಾಕಿ, ತಪ್ಪಿದ್ದರೆ ಗುರುತುಮಾಡಿ ಕೊಡಿರೆಂದು ನನ್ನ ಕೈಗೆ ತಂದುಕೊಟ್ಟಿದ್ದರು. ನಾನು ಅದನ್ನು ಓದದೆ ಸಹಿ ಮಾಡಿದೆ. ಆ ವಾರ ಯಾವುದೋ ಪುಸ್ತಕದ ಕರಡಚ್ಚು ತಿದ್ದುತ್ತಿದ್ದೆನೆಂಬುದು ಮಾತ್ರ ನೆನಪಿದೆ.

ಎಷ್ಟೋ ವರ್ಷಗಳ ಮೇಲೆ, ಭಾವನವರು ತೀರಿಕೊಂಡು ಅಕ್ಕನಿಗೆ ತನ್ನ ಪಾಲಿನ ಕಾಗದ ಬೇಕಾದಾಗ ಉತಾರದಲ್ಲಿ ಅವಳ ಹೆಸರೇ ಇರಲಿಲ್ಲ. ಆಗ ತಂತ್ರಾಂಶದ ಹೊಸ ಆವೃತ್ತಿ ಬರುವುದೆಂದು ಕೇಳಿ, ಅದರಲ್ಲಿ ಎಲ್ಲವೂ ಸರಿಯಾದೀತೆಂದು ನಾನು ಅವಳಿಗೆ ಧೈರ್ಯ ಹೇಳಿದೆ. ಆವೃತ್ತಿ ಬಂತು, ಉತಾರ ಮೊದಲಿಗಿಂತ ಚೊಕ್ಕಟವಾಗಿ ಅಚ್ಚಾಗಿ ಬಂತು, ಹೆಸರು ಮಾತ್ರ ಬರಲಿಲ್ಲ. ಕಿಟಕಿಯಲ್ಲಿದ್ದ ಹುಡುಗ, “ಯಂತ್ರದಾಗ ಇದ್ದದ್ದಷ್ಟ ಬರತೈತ್ರಿ ಸರ” ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಹಳೆಯ ಕೈಬರಹದ ಪುಸ್ತಕದ ನಕಲು ತೆಗೆಸಿ, ತಿದ್ದುಪಡಿಗೆ ಅರ್ಜಿ ಕೊಟ್ಟು, ನಾನೂ ತಮ್ಮನೂ ಹೇಳಿಕೆ ಕೊಟ್ಟ ಮೇಲೆ ಹೆಸರು ಸೇರಿತು. ನಾವಿಬ್ಬರೂ ಬದುಕಿದ್ದೆವು, ಒಪ್ಪಿದೆವು, ಆದ್ದರಿಂದ ಸೇರಿತು. ನಮ್ಮ ಮಕ್ಕಳ ಕಾಲಕ್ಕೆ ಈ ಪ್ರಶ್ನೆ ಬಂದಿದ್ದರೆ ಏನಾಗುತ್ತಿತ್ತೋ! ಅಕ್ಕ ಸಿಟ್ಟಾಗಲಿಲ್ಲ. “ತಮ್ಮಾ, ಊರ ಮಂದಿ ಬರದದ್ದೆಲ್ಲಾ ತಿದ್ದಿ ಕೊಡ್ತಿ. ನಮ್ಮ ಉತಾರ ಒಂದು ಓದಲಿಲ್ಲ ನೋಡು” ಎಂದಳು. ಅಷ್ಟೆ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಹೆಚ್ಚಿನ ತೂಕವಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಭಾಗವೂ ಎಷ್ಟೋ ಹಳ್ಳಿಗಳ ಕಪ್ಪು ಮಣ್ಣೂ ಮುಳುಗಿವೆ. ಆ ಜನರಿಗಾಗಿ ನವನಗರ ಎದ್ದಿತು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆ. ಬೇರೆ ಕಡೆ ಉತಾರ ತಪ್ಪಿದರೆ ಹೊಲ ಕಣ್ಣೆದುರಿಗೆ ಇರುತ್ತದೆ; ಬದು, ಬೇವಿನ ಮರ, ನೆರೆಹೊಲದವರು ಸಾಕ್ಷಿ ಹೇಳುತ್ತಾರೆ. ನೀರೊಳಗೆ ಹೋದ ಹೊಲಕ್ಕೆ ಬದುವೂ ಇಲ್ಲ, ಮರವೂ ಇಲ್ಲ. ಅಲ್ಲಿ ಹೊಲವೆಂದರೆ ಆ ಬರಹವೇ. ಪರಿಹಾರ ಯಾರ ಕೈ ಸೇರಬೇಕೆಂಬುದು ಅದರಲ್ಲಿನ ಹೆಸರನ್ನು ಅವಲಂಬಿಸುತ್ತದೆ. ಬಿಟ್ಟುಹೋದ ಹೆಸರು ಹೆಚ್ಚಾಗಿ ಕೊಟ್ಟ ಮನೆಗೆ ಹೋದ ಹೆಣ್ಣುಮಗಳದೇ ಆಗಿರುತ್ತದೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಪರಿಷ್ಕರಣದಿಂದ ನಾವು ಏನನ್ನು ಅಪೇಕ್ಷಿಸಬೇಕು? ಒಳ್ಳೆಯ ಸಂಪಾದಕನಿಂದ ಅಪೇಕ್ಷಿಸುವುದನ್ನೇ. ಮೊದಲನೆಯದು, ಅವನು ಹಳೆಯ ಪಾಠವನ್ನು ಅಳಿಸಿಹಾಕುವುದಿಲ್ಲ. ತಾನು ಒಪ್ಪಿದ ಪಾಠವನ್ನು ಮೇಲಿಟ್ಟು ಉಳಿದವನ್ನು ಅಡಿಯಲ್ಲಿ ಕಾಣಿಸುತ್ತಾನೆ. ದಫ್ತರದಲ್ಲಿಯೂ ಯಾವ ಹೆಸರು ಯಾವಾಗ ಯಾರ ಕೈಯಿಂದ ಬದಲಾಯಿತೆಂಬುದು ಉಳಿದಿರಬೇಕು. ಕಂದಾಯ ಇಲಾಖೆಯ ಹಳೆಯ ಕಡತಗಳನ್ನು ಛಾಯಾಪ್ರತಿ ತೆಗೆದು ಗಣಕಯಂತ್ರದಲ್ಲಿ ಕೂಡಿಡುವ ‘ಭೂ ಸುರಕ್ಷಾ’ ಎಂಬ ಕೆಲಸ 2024ರಲ್ಲಿ ಆರಂಭವಾಗಿರುವುದು ಈ ದೃಷ್ಟಿಯಿಂದ ಸಮಾಧಾನದ ಸಂಗತಿ. ಅಂಚಿನ ಸಣ್ಣಕ್ಷರವೂ ಛಾಯೆಯಲ್ಲಿ ಉಳಿಯುತ್ತದೆ.

ಎರಡನೆಯದು, ಅವನು ಶುದ್ಧಿಪತ್ರವನ್ನು ಕೊಡುತ್ತಾನೆ. ನಮ್ಮ ಹಿಂದಿನ ಪಂಡಿತರು ಅದಕ್ಕೆ ಒಪ್ಪೋಲೆ ಎಂಬ ಚೆಲುವಾದ ಹೆಸರಿಟ್ಟಿದ್ದರು. ತಂತ್ರಾಂಶವನ್ನು ರಚಿಸುವವರಲ್ಲಿಯೂ ಪ್ರತಿ ಆವೃತ್ತಿಯೊಡನೆ ಇಂಥದೊಂದು ಟಿಪ್ಪಣಿಯನ್ನು ಹೊರಡಿಸುವ ಒಳ್ಳೆಯ ರೂಢಿಯಿದೆ: ಇಂಥ ಸೌಕರ್ಯ ಸೇರಿಸಿದ್ದೇವೆ, ಇಂಥ ತಪ್ಪು ತೆಗೆದಿದ್ದೇವೆ, ಇಂಥದು ಇನ್ನೂ ಉಳಿದಿದೆ ಎಂದು. ಅದು ತಂತ್ರಜ್ಞರ ಕೈಯಲ್ಲೇ ಉಳಿಯುತ್ತದೆ. ಕಿಟಕಿಗೆ ಬರುವುದು ‘ಪರಿಷ್ಕರಣ ನಡೆದಿದೆ’ ಎಂಬ ಚೀಟಿ ಮಾತ್ರ. ಆ ಚೀಟಿಯ ಕೆಳಗೆ, ಯಾವ ತಪ್ಪನ್ನು ತಿದ್ದಲಾಗಿದೆ, ಯಾವ ಅವಧಿಯ ಉತಾರಗಳನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು ಎಂಬ ನಾಲ್ಕು ಸಾಲನ್ನು ತಿಳಿಗನ್ನಡದಲ್ಲಿ ಬರೆದು ಹಚ್ಚಿದರೆ ಎಷ್ಟೋ ಮನೆಗಳ ಜಗಳ ತಪ್ಪೀತು. ಇದು ದೊಡ್ಡ ಖರ್ಚಿನ ಕೆಲಸವಲ್ಲ.

ಮೂರನೆಯದು ನಮ್ಮ ಪಾಲಿನದು. ಯಂತ್ರವು ಎಕರೆ-ಗುಂಟೆಯ ಲೆಕ್ಕವನ್ನು ತಾಳೆ ನೋಡೀತು, ಪ್ರತಿಗಳ ಬಹುಮತವನ್ನು ಎಣಿಸೀತು. ಬರೆಯದೇ ಬಿಟ್ಟ ಹೆಸರನ್ನು ಅದು ಊಹಿಸಲಾರದು. ಮೂರು ಪ್ರತಿಗಳಲ್ಲಿಯೂ ಅಕ್ಕನ ಹೆಸರು ಇಲ್ಲದಿದ್ದರೆ ಮೂರೂ ಒಂದನ್ನೊಂದು ಒಪ್ಪುತ್ತವೆ. ಅದನ್ನು ಹಿಡಿಯಬಲ್ಲವರು ಮನೆಯವರೇ.

ಎರಡು ದಿನಗಳ ಮೇಲೆ ನೆರೆಯ ಹಿರಿಯರು ಉತಾರ ತಂದರು. ನಮ್ಮ ಪಡಸಾಲೆಯಲ್ಲಿ ಕುಳಿತು, ಅವರು ಹಳೆಯ ನಕಲು ಹಿಡಿದು, ನಾನು ಹೊಸದನ್ನು ಹಿಡಿದು, ಸರ್ವೆ ನಂಬರಿನಿಂದ ಋಣದ ಅಂಕಣದವರೆಗೆ ಸಾಲು ಸಾಲಾಗಿ ಓದಿದೆವು. ಎಲ್ಲವೂ ಸರಿಯಾಗಿತ್ತು. “ಪರಿಷ್ಕರಣ ಅಂದ್ರ ಇಷ್ಟ ಏನ್ರಿ?” ಎಂದರು. ನಮ್ಮ ಪಾಲಿನದು ಇಷ್ಟೇ ಎಂದೆ. ಅವರು ಹೊಸ ಉತಾರವನ್ನು ಹಳೆಯದರೊಡನೆ ಮಡಿಚಿ, ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋದರು.